ಮನೆಬಾಗಿಲ ಐಸ್ ಕ್ಯಾಂಡಿ: ಫಿಲಿಪ್ಪೀನ್ಸಿನಲ್ಲಿ ತಂಪು ಬಡವರ ಮನೆ ತಲುಪಿದ ಬಗೆ



ಇತಿಹಾಸ ಎಂದೊಡನೆ ನಿಮಗೆ ಏನು ನೆನಪಾಗುತ್ತದೆ? ಯುದ್ಧಗಳು, ಒಪ್ಪಂದಗಳು, ರಾಜವಂಶಗಳು, ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಇಸವಿಗಳು. ಇವೆಲ್ಲ ಬೇಕಾದವೇ. ಆದರೆ ಇತಿಹಾಸವು ಅರಮನೆ ಮತ್ತು ರಣರಂಗಗಳಲ್ಲಿ ಮಾತ್ರ ಇರುವುದಿಲ್ಲ. ಒಂದು ಗೇಣುದ್ದದ ಪ್ಲಾಸ್ಟಿಕ್ ಕೊಳವೆಯಲ್ಲಿ ಹೆಪ್ಪುಗಟ್ಟಿದ ಮಾವಿನ ರಸದಲ್ಲಿಯೂ ಅದು ಅಡಗಿರುತ್ತದೆ. ತೆರೆಯ ಮೇಲೆ ಚಿತ್ರಗಳು ಬೇಗ ಸರಿದುಹೋಗುತ್ತವೆ. ಪುಟದ ಮೇಲಾದರೆ ನಿಂತು ಯೋಚಿಸಲು ಬಿಡುವುಂಟು. ಆದ್ದರಿಂದ ಇಲ್ಲಿ ಅಂತಹ ಒಂದು ಸಣ್ಣ ವಸ್ತುವನ್ನು ಕೈಗೆತ್ತಿಕೊಂಡು ಅದರ ಹಿಂದಿರುವ ದೊಡ್ಡ ಕಥೆಯನ್ನು ಬಿಡಿಸಿ ನೋಡೋಣ.

ಫಿಲಿಪ್ಪೀನ್ಸ್ ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳ ದೇಶ. ಅಲ್ಲಿನ ಯಾವ ಊರಿನ ಓಣಿಯಲ್ಲಿ ನಡೆದರೂ ಕೆಲವು ಮನೆಗಳ ಗೇಟಿಗೆ ರಟ್ಟಿನ ತುಂಡೊಂದು ನೇತಾಡುತ್ತಿರುತ್ತದೆ. ‘ಐಸ್ ಕ್ಯಾಂಡಿ ಮಾರಾಟಕ್ಕಿದೆ’ ಎಂದು ಅದರ ಮೇಲೆ ಕೈಬರಹ. ಮಕ್ಕಳು ಬಂದು ಗೇಟಿನ ಬಳಿ ಕೂಗುತ್ತಾರೆ. ಮನೆಯಾಕೆ ಒಳಗಿನ ಫ್ರಿಜ್ಜಿನಿಂದ ಒಂದೋ ಎರಡೋ ತೆಗೆದು ಕೊಡುತ್ತಾಳೆ. ಅಂಗಡಿಯಿಲ್ಲ, ಬೋರ್ಡಿಲ್ಲ, ಕೆಲಸದಾಳುಗಳಿಲ್ಲ. ಆದರೂ ಅದೊಂದು ಉದ್ಯಮ.

ಹೆಸರಿನ ಗೊಂದಲವೊಂದನ್ನು ಮೊದಲೇ ಬಿಡಿಸಿಕೊಳ್ಳೋಣ. ನಮ್ಮ ಕರ್ನಾಟಕದಲ್ಲಿ ಐಸ್ ಕ್ಯಾಂಡಿ ಎಂದರೆ ಕಡ್ಡಿಗೆ ಅಂಟಿದ ಐಸು. ಫಿಲಿಪ್ಪೀನ್ಸಿನಲ್ಲಿ ಕಡ್ಡಿಯದ್ದಕ್ಕೆ ‘ಐಸ್ ಡ್ರಾಪ್’ ಎನ್ನುತ್ತಾರೆ. ಅಲ್ಲಿನ ಐಸ್ ಕ್ಯಾಂಡಿಯೆಂದರೆ ಉದ್ದನೆಯ ಪ್ಲಾಸ್ಟಿಕ್ ಚೀಲದಲ್ಲಿ ಹೆಪ್ಪುಗಟ್ಟಿದ್ದು, ತುದಿಯನ್ನು ಹಲ್ಲಿನಿಂದ ಕಚ್ಚಿ ಹೀರುವಂಥದ್ದು. ನಮ್ಮ ಶಾಲೆಗಳ ಮುಂದೆ ಮಕ್ಕಳು ‘ಪೆಪ್ಸಿ’ ಎಂದು ಕರೆಯುವ ತಿನಿಸು ಇದೆಯಲ್ಲ, ಬಹುಮಟ್ಟಿಗೆ ಅದರದೇ ರೂಪ. ಆದರೆ ಒಳಗಿರುವುದು ಬರಿಯ ಬಣ್ಣದ ನೀರಲ್ಲ. ಹಾಲು, ಹಣ್ಣು, ಕಾಳು.

ಈಗ ಪ್ರಶ್ನೆ ಇದು: ಹಿಮವೇ ಬೀಳದ ಒಂದು ಉಷ್ಣದೇಶದಲ್ಲಿ ತಂಪು ಎಂಬುದು ಮೊದಲು ಯಾರ ಸ್ವತ್ತಾಗಿತ್ತು? ಅದು ಬಡವರ ಮನೆಬಾಗಿಲಿಗೆ ಬಂದುದು ಹೇಗೆ? ಬಂದ ಮೇಲೆ ಆ ಮನೆಯವರಿಗೆ ನಿಜವಾಗಿ ಏನು ದೊರಕಿತು?

ಹಡಗೇರಿ ಬಂದ ಮಂಜುಗಡ್ಡೆ

1565ರಿಂದ 1898ರವರೆಗೆ ಫಿಲಿಪ್ಪೀನ್ಸ್ ಸ್ಪೇನಿನ ವಸಾಹತಾಗಿತ್ತು. ಸಮುದ್ರಮಟ್ಟದಲ್ಲಿರುವ ಮನಿಲಾ ನಗರದಲ್ಲಿ ಏಪ್ರಿಲ್, ಮೇ ತಿಂಗಳುಗಳ ಧಗೆಯನ್ನು ತಡೆಯುವುದೇ ಕಷ್ಟ. ಅಲ್ಲಿ ನೀರು ತಾನಾಗಿ ಹೆಪ್ಪುಗಟ್ಟುವ ಮಾತಂತೂ ದೂರವೇ ಉಳಿಯಿತು. ಮಂಜುಗಡ್ಡೆ ಬೇಕೆಂದರೆ ಅದು ಹೊರಗಿನಿಂದ ಬರಬೇಕಿತ್ತು.

ಬಂದದ್ದೂ ಹೊರಗಿನಿಂದಲೇ. ಅಮೆರಿಕದ ಬಾಸ್ಟನ್ ನಗರದ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ 1806ರಲ್ಲಿ ಒಂದು ವಿಚಿತ್ರ ವ್ಯಾಪಾರ ಆರಂಭಿಸಿದ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳ ಮೇಲ್ಪದರವನ್ನು ಗರಗಸದಿಂದ ಕೊಯ್ದು, ಮರದ ಹೊಟ್ಟಿನಲ್ಲಿ ಹುದುಗಿಸಿ, ಹಡಗಿನಲ್ಲಿ ತುಂಬಿ ಉಷ್ಣದೇಶಗಳಿಗೆ ಕಳುಹಿಸುವುದು! ಜನ ನಕ್ಕರು. ಆದರೆ 1833ರಲ್ಲಿ ‘ಟಸ್ಕನಿ’ ಎಂಬ ಹಡಗು ಸುಮಾರು 180 ಟನ್ ಮಂಜುಗಡ್ಡೆ ಹೊತ್ತು ಬಾಸ್ಟನ್ನಿನಿಂದ ಹೊರಟು, ನಾಲ್ಕು ತಿಂಗಳ ಪಯಣದ ನಂತರ ಕಲ್ಕತ್ತೆಯನ್ನು ತಲುಪಿದಾಗ ಅದರಲ್ಲಿ ಸುಮಾರು 100 ಟನ್ ಕರಗದೆ ಉಳಿದಿತ್ತು. ಮದರಾಸಿನ ಕಡಲತೀರದಲ್ಲಿ ಇಂಥ ಮಂಜುಗಡ್ಡೆಗೆಂದೇ ಕಟ್ಟಿಸಿದ ‘ಐಸ್ ಹೌಸ್’ ಇಂದಿಗೂ ಇದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಆ ಕಟ್ಟಡ ಇಂದು ಅವರ ಹೆಸರಿನಲ್ಲಿದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಂಥದೇ ಅಮೆರಿಕದ ಮಂಜುಗಡ್ಡೆ ಮನಿಲಾ ಬಂದರಿಗೂ ಬಂದಿಳಿಯಿತು.

ಕೊಂಡವರು ಯಾರೆಂದು ನೀವೇ ಊಹಿಸಬಲ್ಲಿರಿ. ವಸಾಹತಿನ ಅಧಿಕಾರಿಗಳು, ವಿದೇಶಿ ವರ್ತಕರು, ಊರಿನ ಸಿರಿವಂತರು. ಹಡಗನ್ನು ಇಳಿಸಿದ ಕೂಲಿಯ ಪಾಲಿಗೆ ದೊರೆತದ್ದು ಬೆನ್ನಿನ ಮೇಲೆ ಹರಿದ ತಣ್ಣೀರು ಮಾತ್ರ.

ನದೀತೀರದ ಚಿಮಣಿ

1898ರ ಡಿಸೆಂಬರಿನಲ್ಲಿ ಆದ ಪ್ಯಾರಿಸ್ ಒಪ್ಪಂದದಂತೆ ಸ್ಪೇನ್ 2 ಕೋಟಿ ಡಾಲರ್ ಪಡೆದು ಫಿಲಿಪ್ಪೀನ್ಸನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಫಿಲಿಪ್ಪೀನೋ ಜನರನ್ನು ಯಾರೂ ಕೇಳಲಿಲ್ಲ. ಯುದ್ಧವಾಯಿತು. ಆ ಯುದ್ಧಕ್ಕೆ ಬಂದಿದ್ದ ಅಮೆರಿಕದ ಸೈನಿಕರಿಗೆ ಕೆಡದ ಮಾಂಸ ಬೇಕಿತ್ತು, ಆಸ್ಪತ್ರೆಗೆ ಐಸ್ ಬೇಕಿತ್ತು. ಹೀಗಾಗಿ ಹೊಸ ಆಡಳಿತ ಕೈಗೆತ್ತಿಕೊಂಡ ಮೊದಲ ದೊಡ್ಡ ಕಟ್ಟಡಗಳಲ್ಲಿ ಒಂದು ಮಂಜುಗಡ್ಡೆಯ ಕಾರ್ಖಾನೆ! ಮನಿಲಾದ ಪಾಸಿಗ್ ನದಿಯ ದಂಡೆಯಲ್ಲಿ 1902ರಲ್ಲಿ ಮುಗಿದ ಈ ‘ಇನ್ಸುಲರ್ ಐಸ್ ಪ್ಲಾಂಟ್’ ಮತ್ತು ಶೀತಲಗೃಹದ ಎತ್ತರದ ಚಿಮಣಿ ದೂರದಿಂದಲೇ ಕಾಣುತ್ತಿತ್ತು. 1980ರ ದಶಕದಲ್ಲಿ ಆ ಕಟ್ಟಡವನ್ನು ಕೆಡವಿದರು.

ಇಲ್ಲೊಂದು ಮಾತನ್ನು ಗಮನಿಸಿ. ಕಾರ್ಖಾನೆ ಕಟ್ಟಿದ್ದು ಜನಸಾಮಾನ್ಯರಿಗಾಗಿ ಅಲ್ಲ. ಆದರೆ ಯಂತ್ರವೊಂದು ಊರಿಗೆ ಬಂದ ಮೇಲೆ ಅದರ ಫಲವನ್ನು ಒಂದೇ ಗುಂಪಿನ ಕೈಯಲ್ಲಿ ಬಹಳ ಕಾಲ ಹಿಡಿದಿಡಲು ಆಗುವುದಿಲ್ಲ. ರೈಲು ನಮ್ಮ ದೇಶಕ್ಕೆ ಬಂದುದು ಯಾರ ಅನುಕೂಲಕ್ಕೆ, ಕೊನೆಗೆ ಅದನ್ನು ಹತ್ತಿ ದೇಶ ಸುತ್ತಿದವರು ಯಾರು ಎಂಬುದನ್ನು ನೆನೆದರೆ ಈ ಮಾತು ಸ್ಪಷ್ಟವಾದೀತು. ಕಾರ್ಖಾನೆಯ ಐಸ್ ನದಿ ದಾಟಿ ಮಾರುಕಟ್ಟೆಗೆ ಬಂತು, ಮಾರುಕಟ್ಟೆಯಿಂದ ಬೀದಿಗಿಳಿಯಿತು.

ಬೀದಿಗಿಳಿದ ಗಾಡಿ

ಬೀದಿಯಲ್ಲಿ ಅದನ್ನು ಮೊದಲು ಕೈಗೆತ್ತಿಕೊಂಡವರಲ್ಲಿ ‘ಸೊರ್ಬೆತೆರೋ’ಗಳು ಸೇರಿದ್ದರು. ಅಂದರೆ ‘ಸೊರ್ಬೆತೆಸ್’ ಎಂಬ ನಾಡ ಐಸ್‌ಕ್ರೀಮನ್ನು ಬಣ್ಣದ ಕೈಗಾಡಿಯಲ್ಲಿಟ್ಟು, ಗಂಟೆ ಬಾರಿಸುತ್ತ ಮಾರುವವರು. ಅವರ ಉಪಕರಣದ ಹೆಸರು ‘ಗರಪಿನ್ಯೆರಾ’. ಮರದ ಪೀಪಾಯಿಯ ನಡುವೆ ಲೋಹದ ಉದ್ದನೆಯ ಪಾತ್ರೆ. ಸುತ್ತಲೂ ಒಡೆದ ಐಸ್ ಮತ್ತು ಕಲ್ಲುಪ್ಪು. ಒಳಗಿನ ಪಾತ್ರೆಯನ್ನು ಕೈಯಿಂದ ತಿರುಗಿಸುತ್ತ ಹೋದರೆ ಹಾಲು ಗಟ್ಟಿಯಾಗುತ್ತದೆ.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಕ್ಷಣಕಾಲ ನಿಲ್ಲಬೇಕು. ಐಸಿಗೆ ಉಪ್ಪು ಬೆರೆತರೆ ಅದರ ಕರಗುವ ಬಿಂದು ಇಳಿಯುತ್ತದೆ. ಮಿಶ್ರಣವು ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಕ್ಕೂ ಹೋಗಬಲ್ಲದು. ಕರಗಲು ಬೇಕಾದ ಶಾಖವನ್ನು ಅದು ಪಕ್ಕದ ಹಾಲಿನಿಂದಲೇ ಕಸಿಯುತ್ತದೆ. ಒಂದು ಗ್ರಾಂ ಐಸ್ ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕೆಂದು ನೀವು ಓದಿದ್ದೀರಲ್ಲವೇ? ಆ ಪಾಠವನ್ನು ಶಾಲೆಗೆ ಹೋಗದ ಗಾಡಿಯವನು ತೋಳಿನ ಬಲದಿಂದ ಅರಿತಿದ್ದ.

ಸ್ಪೇನ್, ಅಮೆರಿಕಗಳ ಪದ್ಧತಿಗೆ ಹಸುವಿನ ಹಾಲು ಬೇಕು. ಗಾಡಿಯವರು ನಾಡಿನ ಎಮ್ಮೆಯ ಹಾಲನ್ನೂ ತೆಂಗಿನ ಹಾಲನ್ನೂ ಬಳಸಿದರು. ಮಾವು, ತೆಂಗು, ‘ಉಬೆ’ ಎಂಬ ನೇರಳೆ ಬಣ್ಣದ ಗೆಡ್ಡೆ, ಕೊನೆಗೆ ಚೀಸ್ ಸಹ ಐಸ್‌ಕ್ರೀಮಿನ ರುಚಿಗಳಾದವು. ಕೋನಿನಲ್ಲಿ ಬೇಡವೆಂದವರಿಗೆ ಬನ್ನಿನ ನಡುವೆ ಇಟ್ಟುಕೊಟ್ಟರು. ಪರದೇಶದ ತಿನಿಸು ಹೀಗೆ ನಾಡಿನದಾಯಿತು.

ಆದರೆ ಈ ಐಸ್‌ಕ್ರೀಮಿಗೆ ಅಂಟಿದ ಇಂಗ್ಲಿಷ್ ಅಡ್ಡಹೆಸರು ‘ಡರ್ಟಿ ಐಸ್‌ಕ್ರೀಮ್’, ಅಂದರೆ ಕೊಳಕು ಐಸ್‌ಕ್ರೀಮ್. ಬೀದಿಯ ತಿಂಡಿ ತಿಂದರೆ ಹೊಟ್ಟೆ ಕೆಡುತ್ತದೆಂದು ತಾಯಂದಿರು ಮಕ್ಕಳಿಗೆ ಹೇಳುತ್ತಿದ್ದ ಎಚ್ಚರಿಕೆಯ ಮಾತೇ ಹೆಸರಾಗಿ ಉಳಿಯಿತು. ಈ ಭಯಕ್ಕೆ ಆಧಾರವಿರಲಿಲ್ಲವೆಂದಲ್ಲ. ಐಸ್ ಕಾರ್ಖಾನೆ ಮುಗಿದ ಅದೇ 1902ರಲ್ಲಿ ಮನಿಲಾದಲ್ಲಿ ಭೀಕರ ಕಾಲರಾ ಹಬ್ಬಿತ್ತು. ಹೆಪ್ಪುಗಟ್ಟಿದ ಮಾತ್ರಕ್ಕೆ ಎಲ್ಲ ರೋಗಾಣುಗಳೂ ಸಾಯುವುದಿಲ್ಲ. ಕೆಟ್ಟ ನೀರಿನ ಐಸ್ ಕೆಟ್ಟದ್ದೇ. ಆದರೆ 1925ರಿಂದ ಸ್ಯಾನ್ ಮಿಗೆಲ್ ಕಂಪನಿಯು ‘ಮ್ಯಾಗ್ನೋಲಿಯಾ’ ಹೆಸರಿನಲ್ಲಿ ಕಾರ್ಖಾನೆಯ ಐಸ್‌ಕ್ರೀಮ್ ಮಾರತೊಡಗಿದ ಮೇಲೆ, ಚೊಕ್ಕಟವೆಂದರೆ ಕಂಪನಿಯದು, ಕೊಳಕೆಂದರೆ ಗಾಡಿಯದು ಎಂಬ ಅಭಿಪ್ರಾಯ ಬೆಳೆಯಲು ಎಡೆಯಾಯಿತು. ಬಡವನ ಸರಕನ್ನು ಅಳೆಯುವ ಕೋಲು ಎಷ್ಟೋ ಸಲ ಅವನ ಬಟ್ಟೆಯನ್ನೂ ಅಳೆಯುತ್ತದೆ. ಸ್ವಾರಸ್ಯವೆಂದರೆ, ಇಂದು ಅದೇ ಹೆಸರನ್ನು ಫಿಲಿಪ್ಪೀನೋ ಜನ ನಗುತ್ತ, ಪ್ರೀತಿಯಿಂದ ಹೇಳುತ್ತಾರೆ. ಮದುವೆ ಮನೆಗಳಿಗೂ ಗಾಡಿಯನ್ನು ಕರೆಸುತ್ತಾರೆ.

ಕಾಳು ಬಿಟ್ಟುಹೋದ ಜಪಾನೀಯರು

ಐಸ್ ಕಾರ್ಖಾನೆಯಿಂದ ನದಿಯ ಆಚೆ ಕಿಯಾಪೊ ಎಂಬ ಬಡಾವಣೆ. ಅಲ್ಲಿ ಕಿಂತಾ ಮಾರುಕಟ್ಟೆ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಅಲ್ಲಿ ಜಪಾನಿನಿಂದ ವಲಸೆ ಬಂದವರು ಸಣ್ಣ ಅಂಗಡಿ ಇಟ್ಟಿದ್ದರು. ಸಕ್ಕರೆ ಪಾಕದಲ್ಲಿ ಬೇಯಿಸಿದ ಕಾಳನ್ನು ಲೋಟಕ್ಕೆ ಹಾಕಿ, ಮೇಲೆ ಹೆರೆದ ಐಸ್ ಮತ್ತು ಹಾಲು ಸುರಿದು ಕೊಡುತ್ತಿದ್ದರು. ಜಪಾನಿನಲ್ಲಿ ಐಸ್ ಹೆರೆದು ತಿನ್ನುವ ಪದ್ಧತಿ ಹಳೆಯದು. ಅಲ್ಲಿನ ಕೆಂಪುಕಾಳಿನ ಬದಲು ಇಲ್ಲಿ ಹೆಸರುಕಾಳಿನ ಬಗೆಗಳು ಬಂದವು. ‘ಮೊಂಗೊ’ ಎಂದರೆ ಹೆಸರುಕಾಳು. ನಮ್ಮ ಉತ್ತರ ಭಾರತದ ‘ಮೂಂಗ್’ ಎಂಬ ಮಾತಿಗೂ ಇದಕ್ಕೂ ಇರುವ ಹೋಲಿಕೆ ನಿಮ್ಮ ಕಿವಿಗೆ ಬಿದ್ದಿರಬೇಕು.

1942ರಿಂದ 1945ರವರೆಗೆ ಜಪಾನಿನ ಸೇನೆ ಫಿಲಿಪ್ಪೀನ್ಸನ್ನು ಆಕ್ರಮಿಸಿಕೊಂಡಿತು. ಯುದ್ಧದ ಕೊನೆಯಲ್ಲಿ ಮನಿಲಾ ನಗರ ಬೂದಿಯಾಯಿತು. ಯುದ್ಧ ಮುಗಿದಾಗ ಜಪಾನೀ ಕುಟುಂಬಗಳನ್ನು ಸ್ವದೇಶಕ್ಕೆ ಕಳುಹಿಸಲಾಯಿತು. ಅಂಗಡಿಯವರು ಹೋದರು, ತಿನಿಸು ಉಳಿಯಿತು. ಫಿಲಿಪ್ಪೀನೋ ಜನ ಆ ಲೋಟಕ್ಕೆ ಬಾಳೆ, ಹಲಸು, ಎಳೆ ತೆಂಗಿನಕಾಯಿ, ಸಬ್ಬಕ್ಕಿ, ಉಬೆ ಎಲ್ಲವನ್ನೂ ಸೇರಿಸಿ ‘ಹಾಲೋ-ಹಾಲೋ’ ಎಂದು ಕರೆದರು. ಅವರ ಭಾಷೆಯಲ್ಲಿ ಅದರ ಅರ್ಥ ‘ಕಲಸಿದ್ದು’ ಎಂದೇ. ಅಮೆರಿಕದ ಐಸ್, ಡಬ್ಬಿಯ ಹಾಲು, ಜಪಾನಿನ ಕೈಚಳಕ, ಸ್ಥಳೀಯ ಹಣ್ಣು ಇವೆಲ್ಲ ಒಂದೇ ಲೋಟದಲ್ಲಿ! ದ್ವೇಷವಿದ್ದ ಕಡೆಯಲ್ಲಿಯೂ ರುಚಿಯು ಗಡಿ ದಾಟುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ತಂಪು ಮನೆಯೊಳಗೆ ಬಂದಿತು

1946ರ ಜುಲೈ 4ರಂದು ಫಿಲಿಪ್ಪೀನ್ಸ್ ಸ್ವತಂತ್ರವಾಯಿತು. ಆದರೆ ಐಸ್ ಇನ್ನೂ ಕಾರ್ಖಾನೆಯಿಂದ ಬರುವ ವಸ್ತುವಾಗಿಯೇ ಇತ್ತು. ಮನೆಯಲ್ಲಿ ಫ್ರಿಜ್ ಇದ್ದವರು ನಗರದ ಅನುಕೂಲಸ್ಥರು. ಹಳ್ಳಿಗಳಲ್ಲಿ ವಿದ್ಯುತ್ತೇ ಇರಲಿಲ್ಲ.

ಈ ಕತ್ತಲೆಯನ್ನು ಕಳೆಯಲು 1969ರಲ್ಲಿ ಶಾಸನವೊಂದು ಬಂದು ರಾಷ್ಟ್ರೀಯ ವಿದ್ಯುದೀಕರಣ ಸಂಸ್ಥೆ ಹುಟ್ಟಿತು. ಹಳ್ಳಿಗರೇ ಸದಸ್ಯರಾಗಿ ನಡೆಸುವ ವಿದ್ಯುತ್ ಸಹಕಾರ ಸಂಘಗಳು ಅದರ ದಾರಿ. ಮಿಂಡನಾವೊ ದ್ವೀಪದ ಮಿಸಾಮಿಸ್ ಓರಿಯೆಂಟಲ್ ಮತ್ತು ನೆಗ್ರೋಸ್ ದ್ವೀಪದಲ್ಲಿ ಮೊದಲ ಪ್ರಯೋಗಗಳು ನಡೆದವು. ನಮಗೆ ಇದು ದೂರದ ಕಥೆಯಲ್ಲ. ಅದೇ 1969ರಲ್ಲಿ ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಸ್ಥಾಪನೆಯಾಯಿತು. ಅಮೆರಿಕದ ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳ ಮಾದರಿ ಮತ್ತು ನೆರವು ಎರಡು ಕಡೆಗೂ ಬಂದಿದ್ದವು. ಹುಕ್ಕೇರಿಯ ರೈತನ ಪಂಪ್‌ಸೆಟ್ಟನ್ನೂ ಮಿಸಾಮಿಸಿನ ಮನೆಯ ಫ್ರಿಜ್ಜನ್ನೂ ಒಂದೇ ಆಲೋಚನೆಯ ತಂತಿ ಮುಟ್ಟಿತು ಎನ್ನಬಹುದು.

ತಂತಿ ಬಂದರೆ ಸಾಕೇ? ಫ್ರಿಜ್ ಕೊಳ್ಳಲು ಹಣ ಬೇಕು. 1974ರ ಕಾರ್ಮಿಕ ಸಂಹಿತೆಯ ನಂತರ ಫಿಲಿಪ್ಪೀನ್ಸ್ ಸರ್ಕಾರ ತನ್ನ ಜನರನ್ನು ವಿದೇಶದ ಕೆಲಸಕ್ಕೆ ವ್ಯವಸ್ಥಿತವಾಗಿ ಕಳುಹಿಸತೊಡಗಿತು. ಕೊಲ್ಲಿ ದೇಶಗಳಲ್ಲಿ ದುಡಿದ ಅಣ್ಣ, ಹಾಂಗ್‌ಕಾಂಗಿನಲ್ಲಿ ಮನೆಗೆಲಸಕ್ಕಿದ್ದ ಅಕ್ಕ ಕಳುಹಿಸಿದ ಹಣದಲ್ಲಿ ಮನೆಗೆ ಬಂದ ದೊಡ್ಡ ವಸ್ತುಗಳಲ್ಲಿ ಫ್ರಿಜ್ ಒಂದು. ಮೇಲಿನ ಖಾನೆಯಲ್ಲಿ ಜಾಗ ಮಿಕ್ಕಿತು. ಆ ಮಿಕ್ಕ ಜಾಗವೇ ಬಂಡವಾಳವಾಯಿತು. ಗೇಟಿಗೆ ರಟ್ಟಿನ ಬೋರ್ಡು ಬಿತ್ತು.

ಇದಕ್ಕೆ ಒದಗಿಬಂದದ್ದು ಫಿಲಿಪ್ಪೀನ್ಸಿನ ‘ತಿಂಗಿ’ ಪದ್ಧತಿ. ಅಂದರೆ ಚಿಲ್ಲರೆಗಿಂತಲೂ ಚಿಲ್ಲರೆ: ಒಂದು ಎಸಳು ಬೆಳ್ಳುಳ್ಳಿ, ಒಂದು ಸಣ್ಣ ಚೀಲ ಎಣ್ಣೆ, ಒಂದು ಚೀಟು ಶಾಂಪೂ. ಹೀಗೆ ಮಾರುವ ಓಣಿಯ ಅಂಗಡಿಗೆ ‘ಸಾರಿ-ಸಾರಿ’ ಅಂಗಡಿ ಎನ್ನುತ್ತಾರೆ. ಅಲ್ಲಿ ಖಾಯಂ ಗಿರಾಕಿಗೆ ‘ಸುಕಿ’ ಎಂಬ ಹೆಸರುಂಟು. ಉದ್ರಿ ಬರೆಯುವ ಪುಸ್ತಕಕ್ಕೆ ‘ಲಿಸ್ತಾ’ ಎನ್ನುತ್ತಾರೆ. ದಿನಗೂಲಿಯ ಜನ ದಿನದ ಅಳತೆಯಲ್ಲಿಯೇ ಕೊಳ್ಳುತ್ತಾರೆ. ಐಸ್ ಕ್ಯಾಂಡಿ ಎಂಬುದು ತಂಪಿನ ‘ತಿಂಗಿ’. ಫ್ರಿಜ್ ಇಲ್ಲದವನು ನೆರೆಯವನ ಫ್ರಿಜ್ಜಿನ ತಂಪನ್ನು ಒಂದು ಕೊಳವೆಯಷ್ಟು ಕೊಂಡುಕೊಳ್ಳುತ್ತಾನೆ.

ಮಾಡುವ ವಿಧಾನ

ಮಾಡುವ ಕ್ರಮವನ್ನೂ ತಿಳಿಯೋಣ. ಒಂದು ಲೀಟರ್ ನೀರಿಗೆ ನಾಲ್ಕು ದೊಡ್ಡ ಚಮಚದಷ್ಟು ಕಾರ್ನ್‌ಫ್ಲೋರನ್ನೋ ಮರಗೆಣಸಿನ ಹಿಟ್ಟನ್ನೋ ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ನಂತರ ಸಣ್ಣ ಉರಿಯಲ್ಲಿ ತೆಳು ಗಂಜಿಯಾಗುವವರೆಗೆ ಕುದಿಸುತ್ತಾರೆ. ಸಕ್ಕರೆ ಹಾಕಿ, ಪೂರ್ತಿ ಆರಲು ಬಿಡುತ್ತಾರೆ. ಆಮೇಲೆ ಡಬ್ಬಿಯ ಗಟ್ಟಿ ಹಾಲು ಮತ್ತು ಹಣ್ಣಿನ ತಿರುಳು. ಮಾವಿನ ಕಾಲದಲ್ಲಿ ಮಾವು. ಉಳಿದಂತೆ ಬೆಣ್ಣೆಹಣ್ಣು, ಕರ್ಬೂಜ, ಎಳೆ ತೆಂಗಿನ ತಿರುಳು, ಬೆಂದ ಹೆಸರುಕಾಳು, ಚಾಕೊಲೇಟ್. ಆಲಿಕೆಯಿಂದ ಉದ್ದನೆಯ ಚೀಲಕ್ಕೆ ಸುರಿದು, ತುದಿಯಲ್ಲಿ ಎರಡು ಬೆರಳು ಜಾಗ ಬಿಟ್ಟು, ಗಾಳಿ ಹೊರಡಿಸಿ, ತಿರುಚಿ ಗಂಟು ಹಾಕುತ್ತಾರೆ. ರಾತ್ರಿಯೆಲ್ಲ ಫ್ರೀಜರಿನಲ್ಲಿಟ್ಟರೆ ಬೆಳಗ್ಗೆ ಸರಕು ಸಿದ್ಧ.

ಗಂಜಿ ಏಕೆ? ಬರಿಯ ರಸ ಹೆಪ್ಪುಗಟ್ಟಿದರೆ ನೀರು ದೊಡ್ಡ ದೊಡ್ಡ ಹರಳಾಗಿ ಕಲ್ಲಿನಂತಾಗುತ್ತದೆ. ಮಕ್ಕಳು ಹೀರಿದರೆ ಬಣ್ಣವೆಲ್ಲ ಬಾಯಿಗೆ ಬಂದು ಬಿಳಿಯ ಐಸ್ ಮಾತ್ರ ಉಳಿಯುತ್ತದೆ. ಹಿಟ್ಟಿನ ಪಿಷ್ಟ ನೀರನ್ನು ಹಿಡಿದಿಟ್ಟು ಹರಳುಗಳು ಬೆಳೆಯದಂತೆ ತಡೆಯುತ್ತದೆ. ಹಾಲಿನ ಕೊಬ್ಬು, ಸಕ್ಕರೆಗಳೂ ಮೃದುತ್ವಕ್ಕೆ ನೆರವಾಗುತ್ತವೆ. ಸಕ್ಕರೆ ಅತಿಯಾದರೆ ಮಾತ್ರ ಘನೀಭವನ ಬಿಂದು ಇಳಿದು ಕ್ಯಾಂಡಿ ಗಟ್ಟಿಯಾಗುವುದೇ ಇಲ್ಲ. ಒಂದು ಸಣ್ಣ ಅಡುಗೆಮನೆಯಲ್ಲಿ ಎಷ್ಟೊಂದು ರಸಾಯನಶಾಸ್ತ್ರ!

ಲೆಕ್ಕದ ಇನ್ನೊಂದು ಪುಟ

ಇಲ್ಲಿಯವರೆಗಿನ ಕಥೆ ಸುಖಕರವಾಗಿದೆ. ಸಾಮ್ರಾಜ್ಯದ ಸ್ವತ್ತಾಗಿದ್ದ ತಂಪು ಬಡವರ ಮನೆಗೆ ಬಂತು ಎಂದು ಮುಗಿಸಿಬಿಡಬಹುದು. ಆದರೆ ಇತಿಹಾಸದ ವಿದ್ಯಾರ್ಥಿ ಲೆಕ್ಕದ ಪುಸ್ತಕದ ಎರಡು ಪುಟಗಳನ್ನೂ ನೋಡಬೇಕು.

ಫ್ರಿಜ್ ಕಳುಹಿಸುವ ಅಣ್ಣನಾಗಲಿ ಅಕ್ಕನಾಗಲಿ ಇಲ್ಲದ ಮನೆಯಾಕೆ ಏನು ಮಾಡುತ್ತಾಳೆ? ಬ್ಯಾಂಕು ಅಡಮಾನ ಕೇಳುತ್ತದೆ. ಓಣಿಗೆ ಬೈಕಿನಲ್ಲಿ ಬರುವ ಲೇವಾದೇವಿಗಾರ ಏನನ್ನೂ ಕೇಳುವುದಿಲ್ಲ. ಅವನ ಪದ್ಧತಿಗೆ ಅಲ್ಲಿ ‘ಫೈವ್-ಸಿಕ್ಸ್’ ಎಂದು ಹೆಸರು: ಐದು ಪಡೆ, ಆರು ಕೊಡು. ಈ ವ್ಯವಹಾರದಲ್ಲಿ ಬಹುಕಾಲದಿಂದ ಇರುವವರಲ್ಲಿ ನಮ್ಮ ಪಂಜಾಬಿನಿಂದ ಹೋದವರು ಅನೇಕರು. ಅಲ್ಲಿನ ಜನ ಅವರನ್ನು ಬೊಂಬಾಯಿಯ ಹೆಸರಿನಿಂದ ‘ಬುಂಬಾಯ್’ ಎಂದೇ ಕರೆಯುತ್ತಾರೆ. ಫ್ಯಾನು, ಪಾತ್ರೆಗಳಂಥ ಮನೆಬಳಕೆಯ ಸಾಮಾನನ್ನೂ ಅವರು ಕಂತಿನ ಮೇಲೆ ಕೊಡುತ್ತಾರೆ. ಸ್ಥಳೀಯರೂ ಇದೇ ಲೇವಾದೇವಿ ಮಾಡುತ್ತಾರೆ. ಆದ್ದರಿಂದ ಒಂದು ಜನಾಂಗವನ್ನು ದೂರುವುದು ನ್ಯಾಯವಲ್ಲ. ಬ್ಯಾಂಕಿನ ಬಾಗಿಲು ಮುಚ್ಚಿದ ಕಡೆ ಈ ಬಾಗಿಲು ತೆರೆಯುತ್ತದೆ ಎಂಬುದನ್ನು ಮರೆಯಬಾರದು.

ಒಂದು ಲೆಕ್ಕ ಮಾಡೋಣ. ಇದು ಉದಾಹರಣೆಗಾಗಿ ಹಾಕಿಕೊಂಡ ಲೆಕ್ಕ. ಮನೆಯಾಕೆ 5,000 ಪೆಸೊ ಸಾಲ ಪಡೆದು ಹಳೆಯ ಫ್ರೀಜರೊಂದನ್ನು ಕೊಂಡಳೆನ್ನಿ. ದಿನಕ್ಕೆ 100 ಪೆಸೊದಂತೆ 60 ದಿನ, ಒಟ್ಟು 6,000 ಪೆಸೊ ತೀರಿಸಬೇಕು. ಒಂದು ಕ್ಯಾಂಡಿಯ ಬೆಲೆ 5 ಪೆಸೊ. ಹಾಲು, ಸಕ್ಕರೆ, ಹಣ್ಣು, ಚೀಲ, ವಿದ್ಯುತ್ ಸೇರಿ ಖರ್ಚು 3 ಪೆಸೊ. ಉಳಿಯುವುದು 2. ಅಂದರೆ ದಿನಕ್ಕೆ 50 ಕ್ಯಾಂಡಿ ಮಾರಿದರೆ ಕಂತಿಗೆ ಸರಿಹೋಯಿತು; ಅಡುಗೆಗೆ ಬೇಕಾದ ಅಕ್ಕಿಯ ದುಡ್ಡು 51ನೆಯ ಕ್ಯಾಂಡಿಯಿಂದ ಮೊದಲು! 1,000 ಪೆಸೊ ಬಡ್ಡಿಯೆಂದರೆ 500 ಕ್ಯಾಂಡಿಗಳ ಲಾಭ. ಎರಡು ತಿಂಗಳಿಗೆ ನೂರಕ್ಕೆ 20. ವರ್ಷಕ್ಕೆ ಆರು ಬಾರಿ ಹೀಗೆ ಸಾಲ ಮಾಡಿದರೆ ನೂರಕ್ಕೆ 120. ಅಸಲು ದಿನದಿನಕ್ಕೂ ಇಳಿಯುತ್ತ ಬಂದರೂ ಬಡ್ಡಿ ಇಳಿಯದ ಕಾರಣ ನಿಜವಾದ ದರ ಇದಕ್ಕೂ ಹೆಚ್ಚು. ಆಕೆಯ ಸ್ವಂತ ದುಡಿಮೆಗೆ ಈ ಲೆಕ್ಕದಲ್ಲಿ ಕೂಲಿಯನ್ನೇ ಹಿಡಿದಿಲ್ಲ ಎಂಬುದನ್ನೂ ಗಮನಿಸಿ.

ಇನ್ನು ವಿದ್ಯುತ್ತು. 1990ರ ದಶಕದ ಮೊದಲ ವರ್ಷಗಳಲ್ಲಿ ಫಿಲಿಪ್ಪೀನ್ಸಿನಲ್ಲಿ ತೀವ್ರ ವಿದ್ಯುತ್ ಅಭಾವ ಉಂಟಾಯಿತು. ಮನಿಲಾದಲ್ಲಿಯೇ ದಿನಕ್ಕೆ ಎಂಟು, ಹತ್ತು ಗಂಟೆಗಳ ಕಾಲ ಕರೆಂಟು ಹೋಗುತ್ತಿತ್ತು. 1993ರಲ್ಲಿ ಅಧ್ಯಕ್ಷ ಫಿಡೆಲ್ ರಾಮೋಸ್ ಅವರಿಗೆ ವಿಶೇಷಾಧಿಕಾರ ನೀಡುವ ಕಾನೂನನ್ನೇ ಮಾಡಬೇಕಾಯಿತು. ಕಾರ್ಖಾನೆಗಳ ನಷ್ಟ ವರದಿಗಳಲ್ಲಿ ದಾಖಲಾಯಿತು. ಮನೆಯ ಫ್ರೀಜರಿನಲ್ಲಿ ಕರಗಿಹೋದ ಕ್ಯಾಂಡಿಗಳ ಲೆಕ್ಕವನ್ನು ಯಾರು ಬರೆದಿಟ್ಟರು? ಒಮ್ಮೆ ಕರಗಿದ್ದು ಮತ್ತೆ ಹೆಪ್ಪುಗಟ್ಟಿದರೆ ಹರಳು ದಪ್ಪವಾಗಿ ರುಚಿ ಕೆಡುತ್ತದೆ. ಬೆಚ್ಚಗಿದ್ದ ಹೊತ್ತಿನಲ್ಲಿ ಹಾಲಿನಲ್ಲಿ ರೋಗಾಣು ಬೆಳೆಯುವ ಅಪಾಯವೂ ಉಂಟು. ಕಂತಿನವನು ಮಾತ್ರ ಕರೆಂಟು ಹೋದ ದಿನವೂ ಬರುತ್ತಾನೆ. ಇಂದಿಗೂ ಚಂಡಮಾರುತಗಳು ಬಂದಾಗ ಇದೇ ಪಾಡು. 2013ರ ನವೆಂಬರಿನ ‘ಹೈಯಾನ್’, 2021ರ ಡಿಸೆಂಬರಿನ ‘ರಾಯ್’ ಚಂಡಮಾರುತಗಳ ನಂತರ ಹಲವು ದ್ವೀಪಗಳು ವಾರಗಟ್ಟಲೆ ಕತ್ತಲೆಯಲ್ಲಿದ್ದವು.

ಕಾನೂನು ಮಾಡಿದ್ದೇನು?

ಸರ್ಕಾರ ಕೈಕಟ್ಟಿ ಕುಳಿತಿತ್ತೆಂದಲ್ಲ. 1991ರಲ್ಲಿ ಸಣ್ಣ ಉದ್ಯಮಗಳ ಹಕ್ಕುಗಳಿಗಾಗಿ ಒಂದು ಶಾಸನ ಬಂತು. 2002ರ ಇನ್ನೊಂದು ಶಾಸನವು, ಭೂಮಿಯನ್ನು ಬಿಟ್ಟು 30 ಲಕ್ಷ ಪೆಸೊ ಮೀರದ ಆಸ್ತಿಯುಳ್ಳ ಅತಿಸಣ್ಣ ಉದ್ಯಮಗಳಿಗೆ, ನೋಂದಾಯಿಸಿಕೊಂಡರೆ ಆದಾಯ ತೆರಿಗೆಯಿಂದ ವಿನಾಯಿತಿ ನೀಡಿತು. 2017ರಲ್ಲಿ ಫೈವ್-ಸಿಕ್ಸ್ ಸಾಲಕ್ಕೆ ಪರ್ಯಾಯವಾಗಿ ಕಡಿಮೆ ಬಡ್ಡಿಯ ಸರ್ಕಾರಿ ಸಾಲ ಯೋಜನೆ ಆರಂಭವಾಯಿತು. 2013ರ ಆಹಾರ ಸುರಕ್ಷತಾ ಕಾನೂನು ತಿನಿಸು ತಯಾರಿಸುವವರ ಹೊಣೆಯನ್ನು ನಿಗದಿಪಡಿಸಿತು. 2000ದ ಘನತ್ಯಾಜ್ಯ ಕಾನೂನು ಕಸದ ವಿಂಗಡಣೆಗೆ ದಾರಿ ತೋರಿತು. ಬೀದಿಯಲ್ಲಿ ಬೀಳುವ ಐಸ್ ಕ್ಯಾಂಡಿಯ ಚೀಲವೂ ಆ ಕಸದ ಒಂದು ಭಾಗವೇ ಎಂಬುದನ್ನು ಮರೆಯುವಂತಿಲ್ಲ.

ಆದರೆ ಕಾನೂನಿನ ಫಲ ಪಡೆಯಲು ಹೆಸರು ನೋಂದಾಯಿಸಬೇಕು. ಅದಕ್ಕೆ ಕಚೇರಿಗೆ ಹೋಗಬೇಕು. ಹೋದ ದಿನ ವ್ಯಾಪಾರ ನಿಲ್ಲುತ್ತದೆ. ದಿನಕ್ಕೆ 60 ಕ್ಯಾಂಡಿ ಮಾರುವವಳಿಗೆ ತಾನೊಬ್ಬ ‘ಉದ್ಯಮಿ’ ಎಂಬ ಭಾವನೆಯಾದರೂ ಎಲ್ಲಿಂದ ಬರಬೇಕು? ಆಕೆಯ ಪಾಲಿಗೆ ಅದು ಮಗಳ ಪೆನ್ಸಿಲಿನ ಖರ್ಚು, ಮಗನ ಬಸ್ಸಿನ ಚಾರ್ಜು. ಆದರೂ ಈ ವ್ಯಾಪಾರವನ್ನು ಹಗುರವಾಗಿ ಕಾಣಬೇಡಿ. ಮನೆ ಬಿಡದೆ, ಮಕ್ಕಳನ್ನು ನೋಡಿಕೊಳ್ಳುತ್ತಲೇ, ತನ್ನ ಕೈಯಲ್ಲಿ ನಾಲ್ಕು ಕಾಸು ಆಡುವಂತೆ ಮಾಡಿಕೊಂಡ ಹೆಣ್ಣಿಗೆ ಮನೆಯ ಮಾತುಕತೆಯಲ್ಲಿ ತೂಕ ಬರುತ್ತದೆ. ಇದನ್ನು ನಮ್ಮ ಹಪ್ಪಳ, ಸಂಡಿಗೆ, ಹೂವಿನ ವ್ಯಾಪಾರದ ತಾಯಂದಿರ ಬದುಕಿನಲ್ಲಿಯೂ ನೀವು ಕಂಡಿದ್ದೀರಿ.

ಕೊನೆಯದಾಗಿ

ಹಾಗಾದರೆ ಈ ಕಥೆಯಿಂದ ತಿಳಿಯಬೇಕಾದುದೇನು? ತಂಪು ಎಂಬ ಸೌಕರ್ಯ ಎರಡು ಶತಮಾನಗಳಲ್ಲಿ ಹಡಗಿನಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಗಾಡಿಗೆ, ಗಾಡಿಯಿಂದ ಮನೆಯ ಫ್ರೀಜರಿಗೆ ಇಳಿದು ಬಂತು. ಪ್ರತಿ ಮೆಟ್ಟಿಲಿನಲ್ಲಿಯೂ ಅದು ಇನ್ನಷ್ಟು ಜನರಿಗೆ ದಕ್ಕಿತು. ತಿನ್ನುವವನ ಪಾಲಿಗೆ ಇದು ನಿಜವಾದ ಗೆಲುವು. ಮಾರುವವಳ ಪಾಲಿಗೆ ಅರ್ಧ ಗೆಲುವು ಮಾತ್ರ. ಏಕೆಂದರೆ ಯಂತ್ರ ಆಕೆಯ ಮನೆಗೆ ಬಂದಿದ್ದರೂ, ಯಂತ್ರ ಕೊಳ್ಳಲು ಬೇಕಾದ ನ್ಯಾಯವಾದ ಸಾಲ, ಅದನ್ನು ನಡೆಸಲು ಬೇಕಾದ ನಂಬಿಕೆಯ ವಿದ್ಯುತ್ತು, ಅದರಲ್ಲಿಡಲು ಬೇಕಾದ ಶುದ್ಧ ನೀರು ಇವು ಮೂರೂ ಆಕೆಯ ಕೈಯಲ್ಲಿಲ್ಲ. ಒಂದು ತಂತ್ರಜ್ಞಾನ ಜನರನ್ನು ತಲುಪಿತೇ ಎಂದು ಕೇಳುವಾಗ ವಸ್ತು ತಲುಪಿತೇ ಎಂದಷ್ಟೇ ಕೇಳಿದರೆ ಸಾಲದು. ಅದರ ಲಾಭ ಯಾರ ಕೈಯಲ್ಲಿ ನಿಂತಿತು ಎಂದೂ ಕೇಳಬೇಕು. ಇದು ಫಿಲಿಪ್ಪೀನ್ಸಿಗೆ ಮಾತ್ರ ಸಲ್ಲುವ ಪ್ರಶ್ನೆಯಲ್ಲ.

ನೀವೇ ಯೋಚಿಸಿ, ಚರ್ಚಿಸಿ

1. ನಿಮ್ಮ ಊರಿಗೆ ವಿದ್ಯುತ್ ಬಂದದ್ದು ಯಾವ ವರ್ಷ? ನಿಮ್ಮ ಮನೆಗೆ, ಅಥವಾ ನೆರೆಮನೆಗೆ, ಮೊದಲ ಫ್ರಿಜ್ ಬಂದದ್ದು ಯಾವಾಗ? ಹಿರಿಯರನ್ನು ಕೇಳಿ ಬರೆದಿಡಿ. ಅದೂ ಇತಿಹಾಸದ ದಾಖಲೆಯೇ.

2. ನಿಮ್ಮ ಶಾಲೆಯ ಬಳಿ ಐಸ್ ಮಾರುವವರು ಐಸನ್ನು ಎಲ್ಲಿಂದ ತರುತ್ತಾರೆ? ಬಂಡವಾಳಕ್ಕೆ ಯಾರನ್ನು ಆಶ್ರಯಿಸುತ್ತಾರೆ? ಅವರು ಒಪ್ಪಿದರೆ ಮಾತ್ರ, ಗೌರವದಿಂದ ಕೇಳಿ ತಿಳಿಯಿರಿ.

3. ಮೇಲಿನ ಲೆಕ್ಕದಲ್ಲಿ ಮನೆಯಾಕೆಗೆ ವರ್ಷಕ್ಕೆ ನೂರಕ್ಕೆ 12ರ ಬಡ್ಡಿಯಲ್ಲಿ ಎರಡು ತಿಂಗಳ ಸಾಲ ದೊರೆತಿದ್ದರೆ ಬಡ್ಡಿ ಎಷ್ಟಾಗುತ್ತಿತ್ತು? ಉಳಿದ ಹಣದಿಂದ ಆಕೆ ಏನು ಮಾಡಬಹುದಿತ್ತು?

4. ಉಪ್ಪು ಬೆರೆಸಿದ ಐಸಿನಲ್ಲಿ ಒಂದು ಸಣ್ಣ ಲೋಟ ಸಿಹಿಹಾಲನ್ನಿಟ್ಟು ತಿರುಗಿಸಿ ನೋಡಿ. ಗಟ್ಟಿಯಾಗಲು ಹಿಡಿದ ಸಮಯವನ್ನು ಬರೆದುಕೊಳ್ಳಿ. ಹಾಲು ಕಾಯಿಸಿ ಆರಿಸಿದ್ದಾಗಿರಲಿ, ಐಸ್ ಶುದ್ಧ ನೀರಿನದಾಗಿರಲಿ.